ಚಿಲಕವಿಲ್ಲದ ಬಾಗಿಲ ಮುಂದೆ ಹನ್ನೊಂದು ನಿಮಿಷ

ವಿನೋಬನಗರದ ನಮ್ಮ ಅಡ್ಡರಸ್ತೆಯ ಅಂಜನಕುಮಾರನಿಗೆ ಈಗ ಮೂವತ್ತಾರು ವರ್ಷ. ಹರಿಹರದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸ. ಎದೆ ಅಂದರೆ ಬಾಗಿಲು ತುಂಬುವಂಥ ಎದೆ. ಬೀದಿಯಲ್ಲಿ ಎರಡು ಬೈಕು ತಾಗಿ ಜಗಳ ಹತ್ತಿದರೆ ಜನ ಇವನನ್ನೇ ಕೂಗುತ್ತಾರೆ. ಇವನು ಬಂದು ನಡುವೆ ಸುಮ್ಮನೆ ನಿಂತರೆ ಸಾಕು, ಇಬ್ಬರೂ ತಮ್ಮ ತಮ್ಮ ಬೈಕು ಎತ್ತಿಕೊಂಡು ಹೋಗುತ್ತಾರೆ.

ಈ ಮನುಷ್ಯ ತನ್ನ ಅಪ್ಪನಿಗೆ ಹೆದರುತ್ತಾನೆ. ಹಿರಿಯರೆಂಬ ಮರ್ಯಾದೆಗೆ ತಗ್ಗಿ ನಡೆಯುತ್ತಾನೆ ಅಂತ ನಾನು ಹೇಳುತ್ತಿಲ್ಲ. ಅಂಗಳದಲ್ಲಿ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಬಾಯಿಗೆ ಇಟ್ಟ ತುತ್ತನ್ನು ಅಗಿಯದೆ ಹಾಗೇ ಕೂರುತ್ತಾನೆ. ಸದ್ದು ಗರಡಿ ಕಡೆ ತಿರುಗಿದ ಮೇಲೆ ನುಂಗುತ್ತಾನೆ. ನಾನು ಎದುರು ಮನೆಯವನು. ಇದನ್ನು ವರ್ಷಗಟ್ಟಲೆ ನೋಡಿದ್ದೇನೆ, ನೋಡಿ ನಕ್ಕಿದ್ದೇನೆ. ಆ ನಗುವಿನ ಪಾಪವೂ ಈ ಬರಹದಲ್ಲಿ ಸೇರಿದೆ.

ಅಪ್ಪ ಬಂಗಾರಪ್ಪ ಅರವತ್ತೆಂಟರ ಹಳೇ ಪೈಲ್ವಾನ. ಗರಡಿಯ ಗುರುವಾದ್ದರಿಂದ ಬೀದಿಗೆಲ್ಲ ವಸ್ತಾದ್ರು. ಅವನ ತಂದೆ ಕುಕ್ಕುವಾಡದಿಂದ ಹತ್ತಿಗಿರಣಿಯ ಕೂಲಿಗೆ ದಾವಣಗೆರೆಗೆ ಬಂದವರು. ಬಂದವರು ಮೊದಲು ಕಟ್ಟಿದ್ದು ಮನೆಯನ್ನಲ್ಲ, ಗರಡಿಯನ್ನು. ಆಮೇಲೆ ಅದರ ಗೋಡೆಗೆ ಆತುಕೊಂಡು ಮನೆ ಎದ್ದಿತು. ಹಾಗಾಗಿ ಇವತ್ತಿಗೂ ಅಡಿಗೆಮನೆಗೂ ಗರಡಿಗೂ ನಡುವೆ ಇರುವುದು ಒಂದೇ ಗೋಡೆ. ಒಳಗೆ ಕುಸ್ತಿಯ ಕೆಮ್ಮಣ್ಣು, ಅದಕ್ಕೆ ಇವರು ಮಟ್ಟಿ ಅನ್ನುತ್ತಾರೆ, ಒಂದು ಹನುಮಪ್ಪನ ಪಟ, ಎರಡು ಗದೆ. ಬಾಗಿಲು ತಲೆ ಬಗ್ಗಿಸಿ ನುಗ್ಗಬೇಕಾದಷ್ಟು ಗಿಡ್ಡ. ಅದಕ್ಕೆ ಚಿಲಕವಿಲ್ಲ, ಎಂದೂ ಇರಲಿಲ್ಲ. ಚಿಲಕದ ಕೆಲಸವನ್ನು ಕಟ್ಟಳೆಗಳೇ ಮಾಡುತ್ತಿದ್ದವು. ಸ್ನಾನ ಮಾಡದವನು ಒಳಗೆ ಕಾಲಿಡಬಾರದು. ಹೆಂಗಸರು ಹೊಸ್ತಿಲು ದಾಟಬಾರದು. ವಸ್ತಾದರು ಬಾಗಿಲು ಮುಂದೆ ಮಾಡಿಕೊಂಡು ಸಾಮು ಮಾಡುವಾಗ ಯಾರೂ ಅದನ್ನು ನೂಕಬಾರದು. ಒಳಗಿದ್ದವನು ನೋವು ಅನ್ನಬಾರದು. ಕೈ ಉಳುಕಿತು ಅಂದವನು ಇನ್ನೂ ಹತ್ತು ದಂಡ ಹೊಡೆಯಬೇಕು.

ಬಂಗಾರಪ್ಪನ ಹೆಂಡತಿ ಊರಮ್ಮ ಈ ಮನೆಗೆ ಬಂದು ನಲವತ್ತನಾಲ್ಕು ವರ್ಷವಾಯಿತು. ಗರಡಿಯ ಒಳಗೆ ಏನಿದೆ ಎಂದು ಅವಳು ಕಂಡವಳಲ್ಲ. ಆದರೆ ಕಿವಿಯಿಂದ ಬಲ್ಲಳು. ಗಂಡ ಬೆಳಿಗ್ಗೆ ನೂರು ಬಸ್ಕಿ ಹೊಡೆಯುತ್ತಾನೆ. ಪ್ರತಿ ಸಲ ಎದ್ದಾಗಲೂ 'ಹ್ಞೂಂ' ಎಂದು ಉಸಿರು ಬಿಡುತ್ತಾನೆ. ಗೋಡೆಯ ಈಚೆ ಇವಳು ಎಣಿಸುತ್ತಾಳೆ. ಐವತ್ತಕ್ಕೆ ಹಾಲಿನ ಪಾತ್ರೆ ಒಲೆಯ ಮೇಲೆ, ತೊಂಬತ್ತಕ್ಕೆ ಬೆಲ್ಲ ಕುಟ್ಟಿ ರೆಡಿ, ನೂರಕ್ಕೆ ಲೋಟ ಕಟ್ಟೆಯ ಮೇಲೆ. ಒಂದು ದಿನ ತಪ್ಪಿದ್ದಿಲ್ಲ.

ಮಗನನ್ನೂ ಆ ಮಟ್ಟಿಯಲ್ಲೇ ಬೆಳೆಸಿದ. ಹತ್ತೊಂಬತ್ತರ ಹೊತ್ತಿಗೆ ಅಂಜನಕುಮಾರ ಒಳ್ಳೇ ಜೋಡಿಯೇ ಸಿಗದಂಥ ಪೈಲ್ವಾನನಾಗಿದ್ದ. ಆ ವರ್ಷ ಹರಿಹರದಲ್ಲಿ, ಹೊಳೆದಂಡೆಯ ಬಯಲಿನಲ್ಲಿ ಕುಸ್ತಿ. ಎದುರಾಳಿ ರಾಣೆಬೆನ್ನೂರು ಕಡೆಯ ಹುಡುಗ. ಅಂಜನಕುಮಾರ ಅವನ ತೋಳು ಹಿಡಿದು ಹಿಂದಕ್ಕೆ ತಿರುವಿದಾಗ ಭುಜದಲ್ಲಿ 'ಕಟಕ್' ಅಂದಿತು. ಆ ಹುಡುಗ 'ಅವ್ವಾ' ಎಂದು ಕೂಗಿದ. ಇವನು ಕೈ ಬಿಟ್ಟುಬಿಟ್ಟ. ಪಂಚರು ಮತ್ತೆ ಹಿಡಿ ಅಂದರು, ಇವನು ಹಿಡಿಯಲಿಲ್ಲ; ಮಣ್ಣಿನಲ್ಲಿ ಕೂತು ನಡುಗುತ್ತಿದ್ದ. ಸೋತ ಅಂತ ಸಾರಿದರು. ಬಂಗಾರಪ್ಪ ಅಷ್ಟು ಜನರ ಎದುರು ಹೇಳಿದ್ದು ಎರಡೇ ಮಾತು: "ಇನ್ನು ನನ್ನ ಗರಡಿ ಹೊಸ್ತಿಲು ತುಳಿಬ್ಯಾಡ. ಹೆಂಗಸ್ರ ಜತೆ ಈಚಿಗೆ ನಿಂತ್ಕ."

ಹದಿನೇಳು ವರ್ಷ ಈಚೆಗೇ ನಿಂತ. ಒಂದೇ ಸೂರು, ಒಂದೇ ಒಲೆ, ಆದರೆ ಅಪ್ಪ ಮಗ ಮಾತಾಡುವುದು ಊರಮ್ಮನ ಮೂಲಕ. ಮೂರಡಿ ದೂರದಲ್ಲಿ ಕೂತಿರುತ್ತಾರೆ.

"ಏ ಇವ್ಳೇ, ಅವ್ನಿಗೆ ಹೇಳು, ಮೋಟ್ರು ವೈರ್ ಸುಟ್ಟೈತೆ."

"ಸಾಯಂಕಾಲ ಬಂದು ನೋಡ್ತೀನಿ ಅಂತ ಹೇಳವ್ವಾ."

"ಸಾಯಂಕಾಲ ನೋಡ್ತಾನಂತೆ ಕಣ್ರಿ."

"ನಂಗೇನು ಕಿವುಡೇನೇ? ಕೇಳಿಸ್ತು."

ಆನಗೋಡಿನಿಂದ ಸೊಸೆಯಾಗಿ ಬಂದ ಸುಷ್ಮಾ ಮದುವೆಯಾದ ಮೊದಲ ವಾರ ಮಾವನಿಗೆ ಕಿವಿ ಕೇಳುವುದಿಲ್ಲ ಅಂದುಕೊಂಡು ಗಂಟಲು ಹರಿಯುವಂತೆ ಕೂಗಿ ಮಾತಾಡುತ್ತಿದ್ದಳಂತೆ. ಅದನ್ನು ಹೇಳಿ ಅವಳೇ ನಗುತ್ತಾಳೆ.

ಆ ಭಾನುವಾರ ಸಿನಿಮಾ ಹಾಕಿದ್ದು ಸುಷ್ಮಾನೇ. ಕನ್ನಡಕ್ಕೆ ಡಬ್ ಆಗಿದ್ದ ಒಂದು ಮಲಯಾಳಂ ಸಿನಿಮಾ. ನಾನೂ ಹೋಗಿದ್ದೆ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು. ಕತೆ ಇಷ್ಟೆ: ಹಿಟ್ಟಿನ ಗಿರಣಿ ಇಟ್ಟುಕೊಂಡ ಒಬ್ಬ ಅಪ್ಪ, ಬೆಳೆದ ಇಬ್ಬರು ಗಂಡುಮಕ್ಕಳು, ಒಬ್ಬಳು ತಾಯಿ. ಗಂಡಸರು ಮೂವರೂ ಒಬ್ಬರಿಗೊಬ್ಬರು ನೇರ ಮಾತಾಡುವುದಿಲ್ಲ. ಎಲ್ಲವನ್ನೂ ತಾಯಿ ದಾಟಿಸುತ್ತಾಳೆ. ಒಂದು ದಿನ ಅವಳು ಸಾಯುತ್ತಾಳೆ. ಮಾತು ದಾಟಿಸುವವರಿಲ್ಲದೆ ಮೂರು ಗಂಡಸರು ಒಂದೇ ಮನೆಯಲ್ಲಿ ಮೂಗರ ಹಾಗೆ ತಿರುಗುತ್ತಾರೆ. ಯಾರಿಗೆ ಜ್ವರ ಬಂದಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಊರಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. "ನಮ್ಮನೆಗೆ ಬಂದು ಕದ್ದು ನೋಡ್ಕೊಂಡು ಹೋಗಿ ತೆಗೆದಾರೆ ಇದನ್ನ. ನಾಳೆ ನಾನು ಸತ್ರೆ ಇವರಿಬ್ರೂ ಕೈಸನ್ನೆ ಮಾಡ್ಕೊಂಡು ಉಣಬೇಕು."

"ಕೈಸನ್ನೆಗೂ ಮಕ ನೋಡ್ಬೇಕಲ್ಲ ಅತ್ತೆ," ಅಂದಳು ಸುಷ್ಮಾ.

ಬಂಗಾರಪ್ಪ ಮಂಚದ ಮೇಲೆ ಕೂತಿದ್ದ. ಸಿನಿಮಾದಲ್ಲಿ ಕಿರಿ ಮಗ ಅಪ್ಪನ ಎದುರು ನಿಂತು, "ಅಪ್ಪಾ, ನಿನಗೆ ಹೆದರಿಕೆ ಆಗೋದಿಲ್ವಾ?" ಎಂದು ಕೇಳುವ ಹೊತ್ತಿಗೆ ದಡಕ್ಕನೆ ಎದ್ದ. "ಹೆಂಗಸ್ರು ನೋಡೋ ಸಿನಿಮಾ," ಅಂದು ಹೊರಗೆ ಹೋದ. ಹೋದವನು ಬೀದಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಜನಕುಮಾರನ ಕಣ್ಣು ಕಿಟಕಿಯ ಆಚೆ ನಿಂತಿದ್ದ ಅಪ್ಪನ ಕಡೆ ಹೋಯಿತು, ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು. ಸುಷ್ಮಾಳ ಕಿವಿಯಲ್ಲಿ, "ಆಫ್ ಮಾಡು. ಅಪ್ಪ ಸಿಟ್ಟಾಗ್ಯಾನೆ," ಅಂದ. ಸಿನಿಮಾ ನಿಂತಿತು. ಅಂದು ಸಂಜೆ ಬಂಗಾರಪ್ಪ ಊಟ ಬೇಡ ಅಂದ. ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡು ಯಾರೂ ಎರಡನೇ ಸಲ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಊರಮ್ಮನ ಎಣಿಕೆ ಮೂವತ್ತೆಂಟಕ್ಕೆ ನಿಂತಿತು.

ಮೂವತ್ತೊಂಬತ್ತಕ್ಕೆ ಅವಳು ಕಾದಳು. ಬರಲಿಲ್ಲ. ಗೋಡೆಯ ಆಚೆ ಹಸಿ ಮಣ್ಣಿನ ಮೇಲೆ ಜೋಳದ ಚೀಲ ಇಳಿಸಿದ ಹಾಗೆ ಒಂದು ಸದ್ದು. ಅವಳು ಗೋಡೆಗೆ ಅಂಗೈ ಬಡಿದಳು. "ಏನ್ರೀ?" ಮತ್ತೆ ಬಡಿದಳು. ಸುಷ್ಮಾ ಮೊಬೈಲು ನೋಡಿದಳು: ಆರು ಗಂಟೆ ನಲವತ್ತೆರಡು ನಿಮಿಷ. ಅದಕ್ಕೇ ಈ ಲೆಕ್ಕ ನನಗೆ ನಿಖರವಾಗಿ ಗೊತ್ತು.

ಅಂಜನಕುಮಾರನೂ ಸೇರಿ ಮೂವರೂ ಗರಡಿಯ ಬಾಗಿಲಿಗೆ ಓಡಿದರು. ಬಾಗಿಲು ಮುಂದೆ ಮಾಡಿತ್ತು. ಬೆರಳಿನಲ್ಲಿ ನೂಕಿದರೆ ತೆರೆಯುವ ಬಾಗಿಲು.

"ಹೋಗ್ರೀ ಒಳಗೆ," ಸುಷ್ಮಾ ಗಂಡನ ಬೆನ್ನು ತಳ್ಳಿದಳು.

"ಬರಬ್ಯಾಡ ಅಂದಾನಲ್ಲೇ."

"ಹದಿನೇಳು ವರ್ಷ ಆತ್ರೀ ಅಂದು!"

ಅಂಜನಕುಮಾರನ ಕೈ ಬಾಗಿಲ ತನಕ ಹೋಯಿತು, ಮರಳಿತು. ಆಮೇಲೆ ಅವನು ಮಾಡಿದ್ದೇನು ಗೊತ್ತೇ? ಓಡಿದ. ಎರಡು ರಸ್ತೆ ಆಚೆ ಇರುವ ಶಿವಮೂರ್ತಪ್ಪನ ಮನೆಗೆ. ಶಿವಮೂರ್ತಪ್ಪ ಆ ಗರಡಿಯ ಹಳೇ ಶಿಷ್ಯ, ಒಳಗೆ ಹೋಗಲು ಅಧಿಕಾರ ಇದ್ದವನು. ಅಪ್ಪ ಬಿದ್ದಿರುವ ಬಾಗಿಲಿನಿಂದ ಮಗ ಓಡಿಹೋದದ್ದು, ಒಳಗೆ ಹೋಗಬಹುದಾದ ಗಂಡಸೊಬ್ಬನನ್ನು ಹುಡುಕಿಕೊಂಡು.

"ನಾನೇ ಹೋಗ್ತೀನಿ ಅತ್ತೆ," ಅಂದಳು ಸುಷ್ಮಾ. ಊರಮ್ಮ ಅವಳ ಮುಂಗೈ ಗಟ್ಟಿಯಾಗಿ ಹಿಡಿದಳು. "ಬ್ಯಾಡಮ್ಮಾ. ಎದ್ದು ಬಂದ್ರೆ ನಮ್ಮನ್ನ ಉಳಿಸಲ್ಲ." ಎದ್ದು ಬರಲಿ ಎಂದೇ ಅವಳು ಹನುಮಪ್ಪನನ್ನು ಬೇಡಿಕೊಳ್ಳುತ್ತಿದ್ದಳು, ಎದ್ದು ಬಂದರೆ ಏನು ಮಾಡುತ್ತಾನೋ ಎಂದು ಅದೇ ಉಸಿರಿನಲ್ಲಿ ನಡುಗುತ್ತಿದ್ದಳು.

ಗದ್ದಲ ಕೇಳಿ ನಾನು ಹೊರಗೆ ಬಂದೆ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಊರಮ್ಮ ನನ್ನ ನೋಡಿ, "ನೀವಾದ್ರೂ ಹೋಗ್ರಣ್ಣಾ," ಅಂದಳು. "ನಾನು ಗರಡಿಯವನಲ್ಲವಲ್ಲಮ್ಮ," ಅಂದೆ. ಹೀಗಂದವನು ನಾನು. ಪೇಪರಿನಲ್ಲಿ ಬರೆದು ಮಂತ್ರಿಗಳನ್ನೂ ಬಿಡದೆ ಬೈಯುವ ನಾನು. ಬಾಯಲ್ಲಿ ನೊರೆ ತುಂಬಿಕೊಂಡು ಚಿಲಕವಿಲ್ಲದ ಬಾಗಿಲನ್ನು ನೋಡುತ್ತ ನಿಂತಿದ್ದೆ.

ಅಲ್ಲಿ ಶಿವಮೂರ್ತಪ್ಪನ ಮನೆಯಲ್ಲಿ ನಡೆದದ್ದನ್ನು ಅಂಜನಕುಮಾರ ಆಮೇಲೆ ನನಗೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಶಿವಮೂರ್ತಪ್ಪ ಎಲ್ಲ ಕೇಳಿ, "ಅಯ್ಯೋ, ನಡಿ ನಡಿ," ಅಂದವನು ಎರಡು ಹೆಜ್ಜೆ ಇಟ್ಟು ನಿಂತ. "ಮೈಮೇಲೆ ನೀರು ಹಾಕ್ಕಂಡಿಲ್ಲಪ್ಪಾ. ಹಂಗೇ ಹೆಂಗೆ ಗರಡಿಗೆ ಬರ್ಲಿ? ಎರಡೇ ತಂಬಿಗೆ ಸುರ್ಕಂಡು ಬಂದೆ, ತಡಿ." ಬಚ್ಚಲ ಬಾಗಿಲು ಹಾಕಿಕೊಂಡ. ಅಂಜನಕುಮಾರ ಹೊರಗೆ ನಿಂತು ನೀರಿನ ಸದ್ದು ಕೇಳಿದ. ಒಂದು ತಂಬಿಗೆ. ಎರಡು ತಂಬಿಗೆ. ಮೂರನೆಯದು ಸುರಿದಾಗ ಅವನ ಕಣ್ಣ ಮುಂದೆ ಹಿಂದಿನ ದಿನದ ಕಿಟಕಿ ಬಂತು. ಕಿಟಕಿಯ ಸರಳು ಹಿಡಿದ ಅಪ್ಪನ ಬಲಗೈ. ಬೆರಳಿನ ಗೆಣ್ಣೆಲ್ಲ ಬೆಳ್ಳಗಾಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಎಡಗೈ ಎಲ್ಲಿತ್ತು? ಎಡಗೈ ಎದೆಯ ಮೇಲಿತ್ತು.

ಅದು ಸಿಟ್ಟಲ್ಲ.

ಶಿವಮೂರ್ತಪ್ಪ ನಾಲ್ಕನೇ ತಂಬಿಗೆ ಎತ್ತುವಷ್ಟರಲ್ಲಿ ಇವನು ರಸ್ತೆಯಲ್ಲಿದ್ದ. ಕಾಲಲ್ಲಿ ಚಪ್ಪಲಿಯಿಲ್ಲ. ಅಂಗಳಕ್ಕೆ ಬಂದವನು ನಿಲ್ಲಲಿಲ್ಲ, ತಲೆ ಬಗ್ಗಿಸಲು ಮರೆತು ಮೇಲಿನ ಚೌಕಟ್ಟಿಗೆ ಹಣೆ ಬಡಿಸಿಕೊಂಡು ಒಳಗೆ ಬಿದ್ದ. ಸುಷ್ಮಾಳ ಮೊಬೈಲಿನಲ್ಲಿ ಆರು ಐವತ್ತಮೂರು.

ಬಂಗಾರಪ್ಪ ಮಗ್ಗುಲಾಗಿ ಬಿದ್ದಿದ್ದ. ಅರ್ಧ ಮುಖ ಮಟ್ಟಿಯಲ್ಲಿ, ತುಟಿಗೆಲ್ಲ ಕೆಂಪು ಮಣ್ಣು. ಕಣ್ಣು ತೆರೆದಿತ್ತು. ಉಸಿರು ಇತ್ತು, ಆದರೆ ಕುಯ್ಯುವ ಗರಗಸದ ಹಾಗಿತ್ತು. ಮಗ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ. ಕೊಬ್ಬರಿ ಎಣ್ಣೆ ಹಚ್ಚಿ ಬೆವೆತ ತೊಂಬತ್ತು ಕೇಜಿ ದೇಹ ಕೈಯಿಂದ ಜಾರಿ ಮತ್ತೆ ಮಣ್ಣಿಗೆ ಬಿತ್ತು. ಇಷ್ಟು ಮೈ ಬೆಳೆಸಿ ಏನು ಬಂತು, ಅಪ್ಪನೊಬ್ಬನನ್ನು ಎತ್ತಲು ಆಗಲಿಲ್ಲ ಅಂತ ಅವನಿಗೆ ಅಳು ಬಂತಂತೆ.

"ಅವ್ವಾ! ಸುಷ್ಮಾ! ಒಳಗೆ ಬರ್ರಿ! ಒಬ್ಬನ ಕೈಲಿ ಆಗ್ತಿಲ್ಲ!"

ಸುಷ್ಮಾ ಒಂದೇ ನೆಗೆತಕ್ಕೆ ದಾಟಿದಳು. ಊರಮ್ಮ ಹೊಸ್ತಿಲ ಮುಂದೆ ತನ್ನ ಪಾದಗಳನ್ನು ನೋಡಿಕೊಂಡು, "ನಾನೂ ನೀರು ಹಾಕ್ಕಂಡಿಲ್ಲಲ್ಲೋ..." ಅಂದಳು. "ಅವ್ವಾ, ಸಾಯ್ತಾನೆ!" ಅಂತ ಮಗ ಕಿರುಚಿದ. ಆಗ ಬಂದಳು. ಕೊನೆಗೆ ನಾನು. ನಾಲ್ಕು ಜನ ಸೇರಿ ಚಾಪೆಯ ಮೇಲೆ ಹೊರಳಿಸಿ ಎತ್ತಿದೆವು. ಬಂಗಾರಪ್ಪನ ಕಣ್ಣು ಹೆಂಡತಿಯ ಮೇಲೆ ಬಿತ್ತು.

"ಇವ್ಳನ್ನ... ಯಾವನು ಒಳಗೆ ಬಿಟ್ಟಿದ್ದು?"

"ಸುಮ್ನೆ ಬಿದ್ದಿರ್ರಿ," ಅಂದಳು ಊರಮ್ಮ.

ಪಕ್ಕದ ಶ್ರೀನಿವಾಸನ ಆಟೋ ಸಿಕ್ಕಿತು. ದಾರಿಯುದ್ದಕ್ಕೂ ಬಂಗಾರಪ್ಪ ಒಂದೇ ಸಮ, "ಏನಿಲ್ಲ, ಗ್ಯಾಸು. ಸೋಡಾ ಕುಡಿಸು ಅಂತ ಹೇಳು ಅವ್ನಿಗೆ," ಅನ್ನುತ್ತಿದ್ದ. ತಲೆ ಮಗನ ತೊಡೆಯ ಮೇಲೆಯೇ ಇತ್ತು. ಮಗನ ಹಣೆಯಿಂದ ರಕ್ತ ಇಳಿದು ಅಪ್ಪನ ಕಿವಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಇಬ್ಬರೂ ಒರೆಸಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಶಾಂತಲಾ ಅಂತ, ಚಿಕ್ಕ ವಯಸ್ಸಿನವರು. ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆಸಿದರು. ಆ ಉದ್ದನೆ ಕಾಗದ ನೋಡುತ್ತಲೇ ಕೇಳಿದರು. "ಎದೆ ನೋವು ಐತೇನಜ್ಜಾ?"

"ಇಲ್ಲ."

"ಎಡಗೈ ಜೋಮು?"

"ಇಲ್ಲ."

ಅವನ ಹಲ್ಲು ಕಚ್ಚಿಕೊಂಡಿತ್ತು. ಹಾಸಿಗೆಯ ಬಟ್ಟೆ ಮುಷ್ಟಿಯಲ್ಲಿ ಮುದುಡಿ ಹೋಗಿತ್ತು.

"ಕಾಗದ ಬೇರೆ ಹೇಳ್ತೈತಲ್ಲ ಅಜ್ಜಾ. ಇದು ಯಾವಾಗ ಶುರುವಾತು, ಅದೊಂದು ನಿಜ ಹೇಳ್ರಿ. ಎಷ್ಟು ಹೊತ್ತಾತು ಅನ್ನೋದು ಗೊತ್ತಾಗದೆ ನಾನು ಮುಂದಿನ ಔಷಧ ಕೊಡೋದು ಕಷ್ಟ."

ಬಂಗಾರಪ್ಪ ಹೆಂಡತಿಯ ಕಡೆ ತಿರುಗಿದ. "ಇವ್ರಿಗೆ ಹೇಳು. ಈಗ ಬಸ್ಕಿ ಹೊಡಿಯಾಗ ತಲೆ ಸುತ್ತು ಬಂತು. ಅಷ್ಟೇ."

ಅಂಜನಕುಮಾರ ಗೋಡೆಗೆ ಒರಗಿ ನಿಂತಿದ್ದ. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಸುಳ್ಳು ಹೇಳ್ತಾನ್ರಿ, ಮೇಡಂ."

ಬಂಗಾರಪ್ಪನ ಕಣ್ಣು ಅವನತ್ತ ಹೊರಳಿತು. ಅಂಜನಕುಮಾರ ನೆಲ ನೋಡಿಕೊಂಡೇ ಮಾತು ಮುಂದುವರಿಸಿದ, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಉಸಿರು ಕಟ್ಟಿ. "ನಿನ್ನೆ ಮಧ್ಯಾಹ್ನ ಮೂರೂವರೆಗ್ರಿ. ಕಿಟಕಿ ಸರಳು ಹಿಡ್ಕಂಡು ನಿಂತಿದ್ದ. ಬೆವರು ಸುರಿತಿತ್ತು. ಎಡಗೈ ಎದಿಗೆ ಒತ್ತಿಕಂಡಿದ್ದ. ನಾನು ನೋಡ್ದೆ. ನನ್ನ ಮ್ಯಾಲೆ ಸಿಟ್ಟು ಬಂದೈತೆ ಅಂತ ಹೆದ್ರಿ ಮಕ ತಿರುಗಿಸ್ದೆ. ಸಂಜಿಕೆ ಊಟಾನೂ ಮಾಡ್ಲಿಲ್ಲ."

"ಬಾಯಿ ಮುಚ್ಚು ಅಂತ ಹೇಳು ಅವ್ನಿಗೆ," ಬಂಗಾರಪ್ಪ ಹೆಂಡತಿಗೆ ಹೇಳಿದ.

ಊರಮ್ಮನ ಸೀರೆಯ ಅಂಚಿನಲ್ಲಿ ಇನ್ನೂ ಕೆಮ್ಮಣ್ಣು ಇತ್ತು. "ನಾನು ಹೇಳಲ್ಲ," ಅಂದಳು. "ಬೇಕಾದ್ರೆ ನೀವೇ ಹೇಳ್ರಿ."

ಬಂಗಾರಪ್ಪ ಮಗನನ್ನು ನೋಡಿದ. ಬಾಯಿ ತೆರೆದ. ಡಾಕ್ಟರು ಅಷ್ಟರಲ್ಲಿ ನರ್ಸಿಗೆ ಏನೇನೋ ಕೂಗಿ ಹೇಳುತ್ತ ಗಾಲಿಮಂಚವನ್ನು ತಳ್ಳಿಸಿಕೊಂಡು ಹೋದರು. ಬಾಗಿಲು ಮುಚ್ಚಿತು. ಆ ಬಾಗಿಲಿಗೆ ಚಿಲಕವಿತ್ತು, ಒಳಗಿನಿಂದ.

ಬದುಕಿದ. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆದರೆ ಹೃದಯದ ಒಂದು ಪಾಲು ಕೆಲಸ ನಿಲ್ಲಿಸಿದೆ, ಅದು ಇನ್ನು ಮರಳುವುದಿಲ್ಲ. ನೋವು ಬಂದ ಮಧ್ಯಾಹ್ನವೇ ತಂದಿದ್ದರೆ ಅದೂ ಉಳಿಯುತ್ತಿತ್ತೋ ಏನೋ ಎಂದು ಶಾಂತಲಾ ಮೇಡಂ ಹೇಳಿದರು. ಗದರಿಸಲಿಲ್ಲ. ಗದರಿಸಬೇಕಿತ್ತು, ನನ್ನನ್ನೂ ಸೇರಿಸಿ.

ಹನ್ನೊಂದು ನಿಮಿಷವನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಬಾಗಿಲ ಮುಂದೆ ಇದ್ದವರಲ್ಲಿ ಆ ಮನುಷ್ಯನನ್ನು ಪ್ರೀತಿಸದವರು ಯಾರೂ ಇರಲಿಲ್ಲ. ಒಬ್ಬಳು ಅವನ ಉಸಿರು ಎಣಿಸಿಯೇ ನಲವತ್ತನಾಲ್ಕು ವರ್ಷ ಹಾಲು ಕಾಯಿಸಿದವಳು. ಆದರೂ ನಿಂತೆವು. ಹನ್ನೊಂದು ನಿಮಿಷ ಬಿಡಿ, ಅದಕ್ಕೂ ಹಿಂದಿನ ಹದಿನೈದು ಗಂಟೆ? ಕಿಟಕಿಯಲ್ಲಿ ಬೆವರುತ್ತಿದ್ದ ಅಪ್ಪನ ಮುಖದಲ್ಲಿ ಮಗನಿಗೆ ಸಿಟ್ಟೊಂದೇ ಕಂಡಿತಲ್ಲ, ಯಾಕೆ? ಬೇರೆ ಏನನ್ನೂ ಆ ಮುಖ ಅವನಿಗೆ ಎಂದೂ ತೋರಿಸಿರಲಿಲ್ಲ. ಇದಕ್ಕೆ ನಾವು ಗಂಡಸ್ತನ ಅಂತ ಹೆಸರಿಟ್ಟು, ಹನುಮಪ್ಪನ ಪಟದ ಕೆಳಗೆ ಇಟ್ಟು, ಊದಿನಕಡ್ಡಿ ಬೆಳಗಿದ್ದೇವೆ. ಪಾಪ, ಹನುಮಪ್ಪನಿಗೆ ಇದೆಲ್ಲ ಗೊತ್ತಿದೆಯೋ ಇಲ್ಲವೋ.

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರವೇ ಅಂಜನಕುಮಾರ ಸ್ಕ್ರೂ ಡ್ರೈವರ್ ತಂದು ಗರಡಿಯ ಬಾಗಿಲನ್ನು ತಿರುಗಣಿಯಿಂದ ಬಿಚ್ಚಿ ಗೋಡೆಗೆ ಒರಗಿಸಿದ. ಕಟ್ಟೆಯ ಮೇಲೆ ಕೂತಿದ್ದ ಬಂಗಾರಪ್ಪ ನೋಡಿದ.

"ಮಳಿ ಬಂದ್ರೆ ಮಟ್ಟಿ ನೆನೀತೈತೆ ಕಣಲೇ," ಅಂದ.

ಊರಮ್ಮ ದಾಟಿಸಲಿಲ್ಲ. ಬೇಕಾಗಲಿಲ್ಲ. ಹದಿನೇಳು ವರ್ಷದ ಮೇಲೆ ನೇರವಾಗಿ ಬಂದ ಮಾತು ಅದು. "ಟಾರ್ಪಾಲು ಕಟ್ತೀನಪ್ಪಾ," ಅಂದ ಮಗ.

ಈಗ ಬಸ್ಕಿ ಇಲ್ಲ. ಬೆಳಿಗ್ಗೆ ಬಂಗಾರಪ್ಪ ಗರಡಿಯೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾನೆ. ಅಂಜನಕುಮಾರ ಹರಿಹರಕ್ಕೆ ಹೊರಡುವ ಮುಂಚೆ ಬೈಕು ಸ್ಟಾರ್ಟ್ ಮಾಡಿ ಅಂಗಳದಿಂದ "ಅಪ್ಪಾ" ಅನ್ನುತ್ತಾನೆ. ಒಳಗಿನಿಂದ "ಹ್ಞೂಂ" ಬರಬೇಕು. ಬಂದ ಮೇಲೆಯೇ ಗೇರು. ಅಡಿಗೆಮನೆಯಲ್ಲಿ ಊರಮ್ಮ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸುಷ್ಮಾ, ಎದುರುಗಡೆ ನಾನು, ಎಲ್ಲರ ಕಿವಿಯೂ ಅಲ್ಲೇ. ಹೆದರಿಕೆ ಹೋಗಿಲ್ಲ. ಹೆಚ್ಚಾಗಿದೆ. ಮೊದಲು ಅಪ್ಪ ಇದ್ದಾನೆ ಅನ್ನುವುದೇ ಹೆದರಿಕೆಯಾಗಿತ್ತು.

ಹೋದ ಗುರುವಾರ "ಅಪ್ಪಾ" ಅಂದಿದ್ದಕ್ಕೆ ಒಳಗಿನಿಂದ ಏನೂ ಬರಲಿಲ್ಲ.

ಅಂಜನಕುಮಾರ ಬೈಕು ಆರಿಸಿದ. ಊರಮ್ಮ ಒಲೆ ಆರಿಸಿ ಹೊರಗೆ ಬಂದಳು. ಸುಷ್ಮಾಳ ಕೈಯಿಂದ ಹಿಂಡದ ಬಟ್ಟೆಯ ನೀರು ಸೋರುತ್ತಿತ್ತು. "ಅಪ್ಪಾ?" ಅನ್ನುತ್ತ ಅವನು ಬಾಗಿಲಿಲ್ಲದ ಬಾಗಿಲಿನ ಹತ್ತಿರ ಹೋಗುವಷ್ಟರಲ್ಲಿ ಒಳಗಿನಿಂದ ದನಿ ಬಂತು. ಆ ಮನೆಯಲ್ಲಿ ಅಂಥ ಸಣ್ಣ ದನಿಯನ್ನು ನಾನು ಕೇಳಿರಲಿಲ್ಲ.

"ಇದೀನಿ. ನೋವಿಲ್ಲ. ಯಾಕೋ ಹೆದ್ರಿಕಿ ಆಗ್ತೈತಿ ಕಣೋ. ಇವತ್ತು ಹೋಗಬ್ಯಾಡ."

ಅಂಜನಕುಮಾರ ಬೈಕಿಗೆ ಸ್ಟಾಂಡು ಹಾಕಿದ. ತಲೆ ಬಗ್ಗಿಸಿ ಒಳಗೆ ಹೋಗಿ ಅಪ್ಪನ ಕಾಲ ಬಳಿ ಮಟ್ಟಿಯ ಮೇಲೆ ಕೂತ. ಅಲ್ಲಿಂದಲೇ ಶೆಡ್ಡಿನ ಮಾಲೀಕನಿಗೆ ಫೋನು ಮಾಡಿದ; ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಇವತ್ತು ಬರಲ್ರಿ."

"ಯಾಕಪ್ಪಾ ಪೈಲ್ವಾನ್, ಏನಾತು?"

"ಅಪ್ಪಂಗೆ ಹೆದ್ರಿಕಿ ಆಗೈತೆ ಅಂತ್ರಿ."

ಆ ಕಡೆಯವನು ಗೊಳ್ಳೆಂದು ನಕ್ಕ. "ವಸ್ತಾದ್ರಿಗಾ? ಹೆದ್ರಿಕಿನಾ?"

ಅಂಜನಕುಮಾರ ಅವನು ನಕ್ಕು ಮುಗಿಸುವ ತನಕ ಕಾದ.

"ಹೌದ್ರಿ," ಅಂದ. "ನಂಗೂ ಆಗೈತ್ರಿ."